ಐಟಿಐ ಮುಗಿಸಿ ಸಿಎನ್‌ಸಿ ಲೈನಲ್ಲಿದೀನಿ. ಡಿಪ್ಲೊಮಾಗೆ ಸೇರ್ಲಾ, ಅಮೆರಿಕದ ಅಸೋಸಿಯೇಟ್ ಡಿಗ್ರಿ ನೋಡ್ಲಾ?

ಗುಬ್ಬಿ_ಮೆಷಿನಿಸ್ಟ್:

ಎಲ್ಲರಿಗೂ ನಮಸ್ಕಾರ. ನಮ್ದು ಗುಬ್ಬಿ ತಾಲೂಕು. ವಯಸ್ಸು 22. ಎಸ್ಸೆಸ್ಸೆಲ್ಸಿ ಆದ್ಮೇಲೆ ತುಮಕೂರಲ್ಲಿ ಮೆಷಿನಿಸ್ಟ್ ಟ್ರೇಡು, ಎರಡು ವರ್ಷದ ಐಟಿಐ ಮಾಡಿದೆ. ನಮ್ಮ ಬ್ಯಾಚಲ್ಲಿ ಹೆಣ್ಣುಮಕ್ಕಳು ತೀರಾ ಕಮ್ಮಿ. ಈಗ ತುಮಕೂರು ಹತ್ತಿರದ ವಸಂತನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿಗಳ ಪಾರ್ಟ್ ಮಾಡೋ ಒಂದು ಕಂಪನೀಲಿ ಸಿಎನ್‌ಸಿ, ಅಂದ್ರೆ ಕಂಪ್ಯೂಟರ್ ನಡೆಸೋ ಮೆಷಿನ್ ಆಪರೇಟರ್ ಆಗಿದೀನಿ. ಕಂಟ್ರಾಕ್ಟು. ಓಟಿ ಸೇರಿ ಕೈಗೆ 17 ಸಾವಿರದ ಹತ್ತಿರ ಬರುತ್ತೆ. ಕಂಪನಿ ಬಸ್ಸು ಊರ ಗೇಟ್ ತನಕ ಬರುತ್ತೆ, ಅದೊಂದು ಅನುಕೂಲ.

ಕೆಲಸ ಏನು ಅಂತ ಹೇಳಿದ್ರೆ ನನ್ನ ಪ್ರಶ್ನೆ ಅರ್ಥ ಆಗುತ್ತೆ. ಪೀಸನ್ನ ಮೆಷಿನ್‌ನಲ್ಲಿ ಹಿಡಿಯೋ ಚಕ್‌ಗೆ ಹಾಕೋದು, ಬಾಗ್ಲು ಎಳೆಯೋದು, ಸೈಕಲ್ ಸ್ಟಾರ್ಟ್ ಒತ್ತೋದು. ಆದ್ಮೇಲೆ ಪೀಸ್ ತೆಗೆದು ಏರ್ ಹೊಡೆದು ಗೇಜ್ ಹಾಕೋದು. ಗಂಟೆಗೊಂದು ಸಲ ಅಳತೆ ತಗೊಂಡು ಚೆಕ್‌ಶೀಟಲ್ಲಿ ಬರೆಯೋದು. ಸೈಜ್ ಹೋಯ್ತು ಅಂದ್ರೆ ಮೆಷಿನ್ ಸೆಟ್ ಮಾಡೋ ಸೆಟ್ಟರ್ ಅಣ್ಣನ್ನ ಕರೀಬೇಕು. ಅವರು ಬಂದು ಆಫ್‌ಸೆಟ್ ಪೇಜ್ (ಟೂಲ್ ಎಷ್ಟು ಸರೀಬೇಕು ಅಂತ ತುಂಬೋ ಸ್ಕ್ರೀನ್) ತೆಗೆದು ಏನೋ ಕೊಟ್ಟು ಹೋಗ್ತಾರೆ, ಸೈಜ್ ಸರಿ ಆಗುತ್ತೆ. ಯಾಕೆ ಅಷ್ಟೇ ಕೊಟ್ರಿ ಅಂತ ಕೇಳಿದ್ರೆ "ಅನುಭವ ಕಣಮ್ಮ" ಅಂತಾರೆ. ಒಳ್ಳೇ ಮನುಷ್ಯ, ಬೈಯೋದಿಲ್ಲ. ಆದ್ರೆ ಅವರಿಗೂ ಅದಕ್ಕಿಂತ ಮುಂದೆ ಹೇಳೋಕೆ ಬರಲ್ಲ ಅನ್ಸುತ್ತೆ. ನಾನು ದಿನಾ ಬರೆಯೋ ಆ ಚೆಕ್‌ಶೀಟ್ ಯಾರು ನೋಡ್ತಾರೆ, ಅದರಿಂದ ಏನು ತೀರ್ಮಾನ ಆಗುತ್ತೆ ಅಂತ ನಂಗೆ ತಿಳೀಬೇಕು. ಪೀಸ್ ಹಾಕ್ಕೊಂಡೇ 30 ವರ್ಷ ತುಂಬೋದು ನಂಗಿಷ್ಟ ಇಲ್ಲ.

ದೊಡ್ಡಪ್ಪನ ಮಗ ಅಣ್ಣ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದಾನೆ. ಅವನು ಅಲ್ಲಿನ ಒಂದು ಕಮ್ಯುನಿಟಿ ಕಾಲೇಜಿನ ಕೋರ್ಸ್ ಕಳಿಸಿದಾನೆ, "ಇಂಡಸ್ಟ್ರಿಯಲ್ ಪ್ರೊಡಕ್ಷನ್ ಟೆಕ್ನಾಲಜಿ" ಅಂತ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಪಾಠಗಳ ಪಟ್ಟಿ ನೋಡಿದ್ರೆ ನಾನು ಮಾಡೋ ಕೆಲಸಾನೇ ಇದೆ: ಡ್ರಾಯಿಂಗ್ ಓದೋದು, ಸಿಎನ್‌ಸಿ, ಕ್ವಾಲಿಟಿ, ಸೇಫ್ಟಿ. "ನೀನು ಬಾ, ಇಲ್ಲೇ ಓದಿ ಇಲ್ಲೇ ಕೆಲಸ ಹಿಡಿ" ಅಂತಾನೆ. ಅಪ್ಪ ತೋಟದ ಮೇಲೆ ಸಾಲ ಎತ್ತೋಕೂ ತಯಾರಾಗಿದಾರೆ, ಅದೇ ನಂಗೆ ಭಯ. ಇರೋದು ಎರಡೂವರೆ ಎಕರೆ ತೆಂಗು. ಅಮ್ಮ ಈ ವರ್ಷ ಗಂಡು ನೋಡೋಣ ಅಂತ ಕೂತಿದಾರೆ. ತಮ್ಮ ಈಗ ಎಸ್ಸೆಸ್ಸೆಲ್ಸಿ.

ಇನ್ನೊಂದು ದಾರಿ ಇಲ್ಲೇ ಪಾಲಿಟೆಕ್ನಿಕ್ ಸೇರೋದು. ಆದ್ರೆ ಲೈನಲ್ಲಿರೋರು "ಡಿಪ್ಲೊಮಾ ಆದ್ಮೇಲೂ ಇದೇ ಮೆಷಿನ್ ಮುಂದೆ ನಿಲ್ತೀಯ, ಎರಡು ವರ್ಷದ ಸಂಬಳ ದಂಡ" ಅಂತಾರೆ. ಈ ದಾರೀಲಿ ನಡೆದಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಶಿರಾಗೇಟ್_ಹುಡುಗ:

ಅಕ್ಕ, ಕೈಯಲ್ಲಿರೋ ಕೆಲಸ ಮಾತ್ರ ಬಿಡಬೇಡಿ. ನಿಮ್ಮ ತಾಲೂಕಲ್ಲೇ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆಯಲ್ಲ, 615 ಎಕರೆ. 2016ರಲ್ಲಿ ಅಡಿಗಲ್ಲು ಹಾಕಿ 2023ರ ಫೆಬ್ರವರಿ 6ಕ್ಕೆ ಉದ್ಘಾಟನೆ ಆಯ್ತು. ಐಟಿಐ ಮೇಲೆ ಅಪ್ರೆಂಟಿಸ್ ಕರೆದಾಗ ಅರ್ಜಿ ಹಾಕಿ. ಒಂದು ವರ್ಷ ಅಲ್ಲಿ ಕೆಲಸ ಕಲಿತರೆ ಅದರ ತೂಕವೇ ಬೇರೆ. ವಸಂತನರಸಾಪುರವೂ ಬೆಳೀತಾ ಇದೆ, ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಲ್ಲಿ ತುಮಕೂರಿಗೆ 2020ರ ಕೊನೇಲೇ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಇಲ್ಲಿ ಇಷ್ಟು ಇರುವಾಗ ಅಮೆರಿಕ ಯಾಕೆ ಬೇಕು? ನನ್ನ ಅಭಿಪ್ರಾಯ ಅಷ್ಟೆ.

ಮಧುಗಿರಿ_ಒಹಾಯೊ:

ತಂಗಿ, ನಾನು ಮಧುಗಿರಿಯವನು. ಬಿಇ ಮಾಡಿ ಇಲ್ಲಿಗೆ ಎಂಎಸ್‌ಗೆ ಬಂದು, ಈಗ ಒಹಾಯೊ ರಾಜ್ಯದ ಒಂದು ಫ್ಯಾಕ್ಟರೀಲಿ ಮ್ಯಾನುಫ್ಯಾಕ್ಚರಿಂಗ್ ಇಂಜಿನಿಯರ್. ನಮ್ಮ ಫ್ಲೋರಲ್ಲಿ ಅಸೋಸಿಯೇಟ್ ಡಿಗ್ರಿ ಮಾಡಿದೋರು ತುಂಬಾ ಜನ ಇದಾರೆ. ಆ ಓದಿನ ಬಗ್ಗೆ ನಂಗೆ ಬಹಳ ಗೌರವ ಇದೆ, ಅದನ್ನ ಮೊದಲು ಹೇಳ್ಬಿಡ್ತೀನಿ.

ಇಲ್ಲಿ ಅದು ಹನ್ನೆರಡನೇ ಕ್ಲಾಸ್ ಮುಗಿದ ಮೇಲೆ ಎರಡು ವರ್ಷದ ಓದು, ಸುಮಾರು 60 ಕ್ರೆಡಿಟ್ (ಪಾಠಗಳ ತೂಕದ ಲೆಕ್ಕ). ಕಮ್ಯುನಿಟಿ ಕಾಲೇಜು ಅನ್ನೋ ಪದ್ಧತಿ ಇಲ್ಲಿ 1901ರಿಂದ ಇದೆ, ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾಗಿದ್ದು. ಊರಿನ ಸುತ್ತಮುತ್ತ ಯಾವ ಫ್ಯಾಕ್ಟರಿ ಇದೆಯೋ ಅದಕ್ಕೆ ತಕ್ಕ ಹಾಗೆ ಕೋರ್ಸ್ ಮಾಡ್ತಾರೆ. ನಮ್ಮ ಶಿಫ್ಟ್‌ನಲ್ಲಿ ಪ್ರೆಸ್ ನಡೆಸೋ ಒಬ್ಬರಿಗೆ ನಲವತ್ತು ದಾಟಿದೆ, ಎರಡು ಮಕ್ಕಳ ತಾಯಿ. ಸಂಜೆ ಕೆಲಸ ಮುಗಿಸಿ ಕ್ಲಾಸಿಗೆ ಹೋಗ್ತಾರೆ. ಒಂದು ಸೆಮಿಸ್ಟರಿಗೆ ಎರಡೇ ಪೇಪರ್ ತಗೋತಾರೆ, ಹೀಗೆ ನಾಲ್ಕೈದು ವರ್ಷಕ್ಕೆ ಡಿಗ್ರಿ ಮುಗಿಯುತ್ತೆ. ಫೀಸು ಕಂಪನಿ ಕಟ್ಟುತ್ತೆ. ಹಾಗೆ ಕಂಪನಿ ಕಟ್ಟೋ ಫೀಸಿಗೆ ವರ್ಷಕ್ಕೆ 5,250 ಡಾಲರ್ ತನಕ ಅವರ ಮೇಲೆ ಟ್ಯಾಕ್ಸ್ ಕೂಡ ಬೀಳಲ್ಲ. ಅಂದ್ರೆ ಈ ಡಿಗ್ರಿ ಇರೋದು ಇಲ್ಲೇ ಇರೋ, ಇಲ್ಲೇ ದುಡಿಯೋ ಜನಕ್ಕೆ. ಆ ಊರಿನ ನಿವಾಸಿಗೆ ಫೀಸು ಕಮ್ಮಿ. ಹೊರದೇಶದಿಂದ ಬಂದ ವಿದ್ಯಾರ್ಥಿಗೆ ಅದೇ ಪಾಠಕ್ಕೆ ಫೀಸು ಹಲವು ಪಟ್ಟು.

ಈಗ ನಿಮ್ಮ ಅಣ್ಣ ಹೇಳಿದ "ಇಲ್ಲೇ ಕೆಲಸ ಹಿಡಿ" ಅನ್ನೋ ಮಾತು. ಎಫ್–1 ಅನ್ನೋ ವಿದ್ಯಾರ್ಥಿ ವೀಸಾಕ್ಕೆ ಮೊದಲ ವರ್ಷದ ಫೀಸು, ಊಟ, ಬಾಡಿಗೆ ಎಲ್ಲಕ್ಕೂ ದುಡ್ಡಿದೆ ಅಂತ ತೋರಿಸಬೇಕು. ಮೊದಲ ವರ್ಷ ಕ್ಯಾಂಪಸ್ ಹೊರಗೆ ದುಡಿಯೋ ಹಾಗಿಲ್ಲ, ಒಳಗೆ ದುಡಿದ್ರೂ ಕ್ಲಾಸ್ ನಡೆಯೋ ದಿನಗಳಲ್ಲಿ ವಾರಕ್ಕೆ 20 ಗಂಟೆ. ಡಿಗ್ರಿ ಮುಗಿದ ಮೇಲೆ ಓಪಿಟಿ ಅಂತ 12 ತಿಂಗಳು ಕೆಲಸ ಮಾಡಬಹುದು, ಸರಿ. ಆದ್ರೆ ಇಂಜಿನಿಯರಿಂಗ್ ಓದಿದೋರಿಗೆ ಅದರ ಮೇಲೆ ಸಿಗೋ 24 ತಿಂಗಳಿದೆಯಲ್ಲ, ಅದಕ್ಕೆ ಬ್ಯಾಚುಲರ್ ಡಿಗ್ರಿಯಾದ್ರೂ ಬೇಕು, ಅಸೋಸಿಯೇಟ್‌ಗೆ ಇಲ್ಲ. ಎಚ್–1ಬಿ ಅನ್ನೋ ಕೆಲಸದ ವೀಸಾ ಕೊಡೋದೂ ಬ್ಯಾಚುಲರ್ ಡಿಗ್ರಿ ಬೇಕಾಗೋ ಕೆಲಸಗಳಿಗೆ. ಹಾಗಾಗಿ ಆ 12 ತಿಂಗಳು ಮುಗಿದ ದಿನ ಹೆಚ್ಚುಕಮ್ಮಿ ಎಲ್ಲರೂ ಸಾಲದ ಸಮೇತ ಊರಿಗೆ ಬರಬೇಕಾಗುತ್ತೆ. ಇನ್ನೂ ಓದ್ತೀನಿ ಅಂದ್ರೂ ಕಷ್ಟ ಇದೆ: ಇಂಥ ಕೈಗಾರಿಕಾ ಕೋರ್ಸುಗಳು ಹೆಚ್ಚಾಗಿ "ಅಪ್ಲೈಡ್ ಸೈನ್ಸ್" ಲೆಕ್ಕದವು, ಆ ಕ್ರೆಡಿಟ್ಟುಗಳನ್ನ ನಾಲ್ಕು ವರ್ಷದ ಯೂನಿವರ್ಸಿಟಿಗಳು ಪೂರ್ತಿ ಒಪ್ಪಿಕೊಳ್ಳೋದು ಕಮ್ಮಿ.

ಸಾಫ್ಟ್‌ವೇರಲ್ಲಿರೋ ನಿಮ್ಮಣ್ಣನಿಗೆ ಈ ವ್ಯತ್ಯಾಸ ಎದುರಾಗಿರಲ್ಲ, ಅವನು ಪ್ರೀತಿಯಿಂದಲೇ ಹೇಳಿದಾನೆ. ಆದ್ರೆ ತೆಂಗಿನ ತೋಟ ಅಡ ಇಟ್ಟು ಬರೋ ಓದು ಇದಲ್ಲ. ಊರಲ್ಲೇ ಡಿಪ್ಲೊಮಾ, ಆಮೇಲೆ ಮನಸ್ಸಿದ್ರೆ ಬಿಇ ಮಾಡಿ. ಆಗಲೂ ಅಮೆರಿಕ ಬೇಕು ಅನ್ಸಿದ್ರೆ ಬಾಗಿಲು ಆ ಕಡೆಯಿಂದ ಅಗಲವಾಗಿ ತೆಗೆಯುತ್ತೆ. ನಾನು ಬಂದಿದ್ದು ಅದೇ ಬಾಗಿಲಿಂದ.

ಆ ಪಾಠಗಳ ಪಟ್ಟಿ ಮಾತ್ರ ಬಿಸಾಕಬೇಡ. ಡ್ರಾಯಿಂಗಲ್ಲಿ ಆಕಾರ, ಅಳತೆಯ ಮಿತಿ ಹೇಳೋ ಜಿಡಿ ಅಂಡ್ ಟಿ ಚಿಹ್ನೆಗಳು, ಅಳತೆಗಳ ಏರಿಳಿತ ನೋಡಿ ಕ್ವಾಲಿಟಿ ಕಾಯೋ ಎಸ್‌ಪಿಸಿ, ಮೆಷಿನ್ ನಿಯಂತ್ರಿಸೋ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ, ಹೈಡ್ರಾಲಿಕ್ಸ್ ಇವೆಲ್ಲ ಎಲ್ಲಿ ಓದಿದ್ರೂ ಒಂದೇ.

ಟೂಲ್‌ರೂಮ್_ಹಿರೇಹಳ್ಳಿ:

ನೋಡಮ್ಮ, ಒಹಾಯೊದವರು ಆ ಕಡೆಯ ವಿಷಯ ಪೂರ್ತಿ ಹೇಳಿದಾರೆ. ಈ ಕಡೆಯದು ನಾನು ಹೇಳ್ತೀನಿ. ತುಮಕೂರಲ್ಲೇ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಪೀಣ್ಯದಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಹಿರೇಹಳ್ಳಿಗೆ ಬಂದವನು ನಾನು. ಈಗ ಹುಡುಗರನ್ನ ತಗೊಳ್ಳೋ ಇಂಟರ್‌ವ್ಯೂಗೂ ಕೂತ್ಕೋತೀನಿ. ನಂಗೆ ಮೈಕ್ರೋಮೀಟರ್ ಹಿಡಿಯೋದು ಕಲಿಸಿದವರು ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ದುಡಿದವರು. ಆ ಫ್ಯಾಕ್ಟರಿ ಮುಚ್ಚಿ ಈಗ ಆ ಜಾಗ ಇಸ್ರೋ ಕೈಯಲ್ಲಿದೆ. ಅವರು ರ‍್ಯಾಚೆಟ್ ತಿರುಗಿಸುವಾಗ ಕಣ್ಣು ಮುಚ್ಚಿಕೊಳ್ಳೋರು. ಬೆರಳಿಗೆ ತಿಳೀಬೇಕು ಅನ್ನೋರು.

ನಿನ್ನ ಪ್ರಶ್ನೇಲಿ ನಂಗೆ ಹಿಡಿಸಿದ್ದು ಚೆಕ್‌ಶೀಟಿನ ಮಾತು. ಅದನ್ನ ಯಾರು ನೋಡ್ತಾರೆ ಅಂತ ಕೇಳಿದೆಯಲ್ಲ, ಅದಕ್ಕೆ ಉತ್ತರ ಒಂದು ಘಟನೆಯಲ್ಲೇ ಇದೆ.

ನಾನು ಕಂಡ ಒಂದು ಯೂನಿಟ್ಟಲ್ಲಿ ಅಲ್ಯುಮಿನಿಯಂ ಹೌಸಿಂಗ್ ಮಾಡ್ತಿದ್ರು. ಒಳಗಡೆ 60 ಎಂಎಂ ಬೋರ್, ಅಂದ್ರೆ ತೂತು. ಅದರ ಟಾಲರೆನ್ಸ್ (ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನೋ ಮಿತಿ) ಎಚ್7. ಅಂದ್ರೆ 60ರಿಂದ 60.030 ಒಳಗೆ ಇರಬೇಕು, ಒಟ್ಟು 30 ಮೈಕ್ರಾನ್ ಜಾಗ (ಒಂದು ಎಂಎಂಗೆ ಸಾವಿರ ಮೈಕ್ರಾನ್). ಬೇಸಿಗೆ ಬಂತು ಅಂದ್ರೆ ಗೋಳು. ಮಧ್ಯಾಹ್ನ ಎರಡರ ಮೇಲೆ ಬೋರ್ ದೊಡ್ಡದು ಬರ್ತಿದೆ ಅಂತ ಆಪರೇಟರ್ ಕೂಗೋನು, ಸೆಟ್ಟರ್ ಬಂದು ಆಫ್‌ಸೆಟ್ ಮೈನಸ್ ಕೊಡೋನು, ಗೇಜಲ್ಲಿ ಸೈಜ್ ಸರಿಯಾಗೋದು. ಮಾರನೇ ದಿನ ಬೆಳಿಗ್ಗೆ ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಅದೇ ಪೀಸುಗಳು ಚಿಕ್ಕದಾಗಿ ರಿಜೆಕ್ಟ್. ಫೈನಲ್‌ನವರು ಲೈನ್ ಮೇಲೆ, ಲೈನ್‌ನವರು ಫೈನಲ್ ಮೇಲೆ. ಇನ್ಸರ್ಟ್ (ಲೋಹ ಕತ್ತರಿಸೋ ತುದಿ) ಬದಲಾಯಿಸಿದ್ರು, ಬೋರಿಂಗ್ ಬಾರ್ ಬದಲಾಯಿಸಿದ್ರು, ಸ್ಪಿಂಡಲ್ ಬೇರಿಂಗ್ ಹೋಗಿದೆ ಅಂತ ಕಂಪನಿಯವರನ್ನೂ ಕರೆಸಿದ್ರು.

ಆಗ ಡಿಪ್ಲೊಮಾ ಮುಗಿಸಿ ಟ್ರೈನಿಯಾಗಿ ಬಂದಿದ್ದ ಪಾವಗಡದ ಒಬ್ಬ ಹುಡುಗಿ ಇದ್ಲು. ಹಳೇ ಚೆಕ್‌ಶೀಟೆಲ್ಲ ಒಟ್ಟು ಹಾಕ್ಕೊಂಡು ಅಳತೆ ಪಕ್ಕದಲ್ಲಿ ಬರೆದಿದ್ದ ಟೈಮನ್ನ ಗ್ರಾಫ್ ಹಾಳೆ ಮೇಲೆ ಇಳಿಸಿದ್ಲು. ಬೆಳಿಗ್ಗೆ ಕೆಳಗಿರೋ ಗೆರೆ ಬಿಸಿಲೇರಿದ ಹಾಗೆ ಮೇಲೇರ್ತಾ ಇತ್ತು, ದಿನಾ ಒಂದೇ ಥರ. ಇನ್ಸರ್ಟ್ ಸವೆದ್ರೆ ಬೋರ್ ಚಿಕ್ಕದಾಗಬೇಕು, ದೊಡ್ಡದಾಗಬಾರದು. ಅಲ್ಲಿಗೆ ಅವಳಿಗೆ ಅನುಮಾನ ಬಂತು. ಮೆಷಿನ್‌ನಿಂದ ಆಗ ತಾನೇ ತೆಗೆದ ಪೀಸಿಗೆ ಥರ್ಮಾಮೀಟರ್ ಇಟ್ಟು ನೋಡಿದ್ಲು: 38 ಡಿಗ್ರಿ. ಗೇಜ್ ಸೊನ್ನೆ ಮಾಡೋ ರಿಂಗ್ ಮಾಸ್ಟರ್ ಬರ್ತಿದ್ದದ್ದು ಎಸಿ ಇರೋ ಇನ್‌ಸ್ಪೆಕ್ಷನ್ ರೂಮಿಂದ, ಅದು 22 ಡಿಗ್ರಿ. ಹದಿನಾರು ಡಿಗ್ರಿ ವ್ಯತ್ಯಾಸ. ಅಲ್ಯುಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತೆ. 60 ಎಂಎಂಗೆ, 16 ಡಿಗ್ರಿಗೆ ಲೆಕ್ಕ ಹಾಕು: 22 ಮೈಕ್ರಾನ್. ಇರೋ 30ರಲ್ಲಿ 22 ಬರೀ ಬಿಸಿಗೇ ಹೋಯ್ತು! ಬಿಸಿ ಪೀಸ್ ನೋಡಿ ಬೋರ್ ಚಿಕ್ಕದು ಮಾಡಿದ್ರೆ ತಣ್ಣಗಾದ ಮೇಲೆ ಇನ್ನೂ ಚಿಕ್ಕದಾಗದೆ ಇನ್ನೇನು?

ಡ್ರಾಯಿಂಗ್ ಮೇಲಿನ ಅಳತೆ ಅಂದ್ರೆ 20 ಡಿಗ್ರಿಯಲ್ಲಿನ ಅಳತೆ. ಜಗತ್ತೆಲ್ಲ ಒಪ್ಪಿರೋ ನಿಯಮ ಅದು. ಆ ಸೆಟ್ಟರ್‌ಗೆ ನನಗಿಂತ ಹೆಚ್ಚು ಅನುಭವ ಇತ್ತು, ಆದ್ರೆ ಈ ಮಾತು ಯಾರೂ ಅವರಿಗೆ ಹೇಳಿರಲಿಲ್ಲ. ಪಾವಗಡದ ಹುಡುಗಿಗೆ ಮೆಟ್ರಾಲಜಿ (ಅಳತೆಯ ವಿಜ್ಞಾನ) ಪೇಪರಲ್ಲಿ ಹೇಳಿದ್ರು, ಅವಳು ಮರೆತಿರಲಿಲ್ಲ. ಅವತ್ತಿಂದ ಪೀಸನ್ನ ಟ್ರೇನಲ್ಲಿ ಆರೋಕೆ ಬಿಟ್ಟು ಆಮೇಲೆ ಅಳೆಯೋದು, ರಿಂಗನ್ನೂ ಅದೇ ಟ್ರೇ ಪಕ್ಕ ಇಟ್ಟು ಗೇಜ್ ಸೊನ್ನೆ ಮಾಡೋದು ಅಂತ ಆಯ್ತು. ಒಂದು ರೂಪಾಯಿ ಖರ್ಚಿಲ್ಲ. ಆ ಗ್ರಾಫಿಗೆ ಬೇಕಾಗಿದ್ದ ಒಂದೊಂದು ಚುಕ್ಕೀನೂ ನಿನ್ನಂಥ ಆಪರೇಟರುಗಳೇ ಬರೆದಿಟ್ಟಿದ್ದು. ಹಾಗಾಗಿ ಆ ಶೀಟ್ ಬರೆಯುವಾಗ ಟೈಮನ್ನ ಸರಿಯಾಗಿ ಬರಿ. ಅಂದಾಜಿಗೆ ತುಂಬೋರು ತುಂಬಿಕೊಳ್ಳಲಿ.

ಪ್ರೊಡಕ್ಷನ್ ಟೆಕ್ನಾಲಜಿ ಅಂದ್ರೆ ನನ್ನ ಲೆಕ್ಕದಲ್ಲಿ ಇದೇ. ಒಂದು ಪೀಸ್ ಸರಿ ಮಾಡೋದು ಕಸುಬು. ಸಾವಿರ ಪೀಸೂ ಸರಿ ಬರೋ ಹಾಗೆ ಮೆಷಿನ್, ಪೀಸ್ ಅಲುಗದ ಹಾಗೆ ಹಿಡಿಯೋ ಫಿಕ್ಸ್ಚರ್, ಅಳತೆ, ಮನುಷ್ಯ ಎಲ್ಲವನ್ನೂ ಹೊಂದಿಸೋದು ಈ ವಿದ್ಯೆ. ಅದಕ್ಕೆ ಓದು ಬೇಕೇ ಬೇಕು.

ಈಗ ದಾರಿ. ನಿಂದು ಎರಡು ವರ್ಷದ ಐಟಿಐ, ಹಾಗಾಗಿ ಮೆಕ್ಯಾನಿಕಲ್ ಡಿಪ್ಲೊಮಾಗೆ ಲ್ಯಾಟರಲ್ ಎಂಟ್ರೀಲಿ ನೇರ ಮೂರನೇ ಸೆಮಿಸ್ಟರಿಗೆ ಸೇರಬಹುದು. ಮೂರು ವರ್ಷದ್ದು ಎರಡಕ್ಕೆ ಮುಗಿಯುತ್ತೆ, ಅಂದ್ರೆ ಆ ಅಮೆರಿಕದ ಡಿಗ್ರಿಯಷ್ಟೇ ಕಾಲ. ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಪ್ರವೇಶ ಪರೀಕ್ಷೆ ಇಲ್ಲ, ಮಾರ್ಕ್ಸ್ ಮೇಲೆ ಮೆರಿಟ್. ಫೀಸು ಕೆಲವು ಸಾವಿರದಲ್ಲಿ ಮುಗಿಯುತ್ತೆ. ಗುಬ್ಬಿಯಿಂದ ತುಮಕೂರಿಗೆ ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಹೇಗೂ ಟಿಕೆಟ್ ದುಡ್ಡಿಲ್ಲ. ದಂಡ ಅಂತ ನಿಮ್ಮ ಲೈನಿನವರು ಹೇಳೋದು ಎರಡು ವರ್ಷದ ಸಂಬಳ. ಅದು ನಿಜವಾದ ಖರ್ಚೇ, ಮನೇಲಿ ಕೂತು ಮಾತಾಡಬೇಕಾದ್ದು. ತೋಟ ಅಡ ಇಡೋ ಮಾತಿಗೆ ಹೋಲಿಸಿದ್ರೆ ಮಾತ್ರ ಏನೇನೂ ಅಲ್ಲ. ಕೆಲಸದಲ್ಲಿರೋರಿಗೆ ಅಂತಲೇ ಬೇರೆ ಬ್ಯಾಚ್ ನಡೆಸೋಕೂ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಎಐಸಿಟಿಇ ಕಾಲೇಜುಗಳಿಗೆ ಅನುಮತಿ ಕೊಡುತ್ತೆ. ಎಲ್ಲ ಕಡೆ ಇರಲ್ಲ, ನಿನ್ನ ಹತ್ತಿರದ ಕಾಲೇಜುಗಳಲ್ಲಿ ಒಂದ್ಸಲ ವಿಚಾರಿಸು.

ಲ್ಯಾಟರಲ್‌ನಲ್ಲಿ ಬಂದೋರು ಎಡವೋದು ಗಣಿತದಲ್ಲಿ. ಮೊದಲ ವರ್ಷದ ಮ್ಯಾಥ್ಸ್ ನಿಂಗೆ ತಪ್ಪಿರುತ್ತೆ, ಲೆಕ್ಕ ತುಂಬಿರೋ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಪೇಪರ್ ಮಾತ್ರ ನೇರ ಎದುರಿಗೆ ಬಂದು ನಿಲ್ಲುತ್ತೆ. ಕೈಕೆಲಸದಲ್ಲಿ ಕ್ಲಾಸಿಗೇ ಮುಂದಿರೋ ಐಟಿಐ ಹುಡುಗರು ಈ ಒಂದು ಪೇಪರಿಗೆ ಹೆದರಿ ಬಿಟ್ಟು ಹೋಗಿದ್ದು ಕಂಡು ನಂಗೆ ಬಹಳ ಸಂಕಟ ಆಗಿದೆ. ಹಾಗಾಗಿ ಈಗಿಂದಲೇ ತ್ರಿಕೋನಮಿತಿ ಹಿಡಿ. ನಿನ್ನ ಮೆಷಿನ್‌ನಲ್ಲೇ ಲೆಕ್ಕ ಇದೆ. ಟೇಪರ್ ಪೀಸ್ ಇದ್ರೆ ಅದರ ಕೋನವನ್ನ ಟ್ಯಾನ್ ಹಾಕಿ ಕಂಡುಹಿಡಿ. ಸ್ಕ್ರೀನ್ ಮೇಲೆ ಆರ್‌ಪಿಎಂ ಕಾಣುತ್ತೆ, ಪೀಸಿನ ವ್ಯಾಸ ನಿಂಗೆ ಗೊತ್ತು. 40 ಎಂಎಂ ವ್ಯಾಸ, 1500 ಆರ್‌ಪಿಎಂ ಅಂದ್ರೆ ಪೈ ಗುಣಿಸು 40 ಗುಣಿಸು 1500, ಸಾವಿರದಿಂದ ಭಾಗಿಸು: ನಿಮಿಷಕ್ಕೆ 188 ಮೀಟರ್. ಆಮೇಲೆ ಇನ್ಸರ್ಟ್ ಡಬ್ಬಿ ಮೇಲೆ ಬರೆದಿರೋ ಸ್ಪೀಡ್ ನೋಡು, ಎರಡೂ ಎಷ್ಟು ಹತ್ತಿರ ಇದೆ ಅಂತ. ಒಂದು ನೋಟ್‌ಬುಕ್ಕಲ್ಲಿ ಇವನ್ನೆಲ್ಲ ಬರಿತಾ ಹೋಗು.

ಕಾಲೇಜ್ ಆರಿಸುವಾಗ ಹೊರಗಿನ ಕಟ್ಟಡ ನೋಡಬೇಡ, ವರ್ಕ್‌ಶಾಪಿಗೆ ಹೋಗು. ಲೇತಿನ ಟ್ರೇನಲ್ಲಿ ಚಿಪ್ಸ್ ಇದೆಯಾ? ಬೆಡ್ ಮೇಲೆ ಎಣ್ಣೆ ಇದೆಯಾ, ಧೂಳಿದೆಯಾ? ಸಿಎನ್‌ಸಿ ಮೆಷಿನ್ ಪ್ಲಾಸ್ಟಿಕ್ ಹೊದ್ದು ಕೂತಿದ್ರೆ ಅಲ್ಲಿ ಪಾಠ ಬೋರ್ಡ್ ಮೇಲೆ ಮಾತ್ರ ನಡೆಯುತ್ತೆ ಅಂತ ತಿಳ್ಕೋ. ಇನ್‌ಸ್ಟ್ರಕ್ಟರನ್ನ ಮಾತಾಡಿಸು. ವಿದ್ಯಾರ್ಥಿ ಎಷ್ಟು ಹೊತ್ತು ಮೆಷಿನ್ ಮುಟ್ಟುತ್ತಾನೆ ಅನ್ನೋದು ಅವರಿಗೇ ಗೊತ್ತು.

"ಅದೇ ಮೆಷಿನ್ ಮುಂದೆ ನಿಲ್ತೀಯ" ಅನ್ನೋದಕ್ಕೆ: ಮೊದಲ ವರ್ಷ ಟ್ರೈನಿಯಾಗಿ ನಿಲ್ತೀಯ, ನಿಲ್ಲಲೇಬೇಕು. ಆಮೇಲೆ ಲೈನ್ ಇಂಜಿನಿಯರ್, ಕ್ವಾಲಿಟಿ, ಪ್ರೋಸೆಸ್, ಟೂಲಿಂಗ್ ಅಂತ ದಾರಿ ಒಡೆಯುತ್ತೆ. ಐಟಿಐ ಒಂದರ ಮೇಲೇ ಆ ಕುರ್ಚಿ ಸಿಗೋದು ಅಪರೂಪ. ಎಷ್ಟು ಜಾಣರಿದ್ರೂ ಫಾರಂನಲ್ಲಿ "ಅರ್ಹತೆ: ಡಿಪ್ಲೊಮಾ/ಬಿಇ" ಅಂತ ಬರೆದಿರುತ್ತೆ. ಅದು ಅನ್ಯಾಯ ಅಂತ ನಂಗೂ ಅನ್ಸುತ್ತೆ. ನಮ್ಮಲ್ಲಿ ಇಂಟರ್‌ವ್ಯೂಗೆ ಬಂದೋರ ಕೈಗೆ ನಾನು ಮೊದಲು ಒಂದು ಶಾಫ್ಟ್, ಒಂದು ಮೈಕ್ರೋಮೀಟರ್ ಕೊಡ್ತೀನಿ. ಸರ್ಟಿಫಿಕೇಟ್ ಆಮೇಲೆ. ಸೊನ್ನೆ ಸರಿ ಇದೆಯಾ ಅಂತ ಮೊದಲು ನೋಡದೆ ನೇರ ಅಳೆಯೋಕೆ ಹೋದ್ರೆ ಅಲ್ಲೇ ತಿಳಿಯುತ್ತೆ. ಸಿಪಿಕೆ (ಅಳತೆಗಳು ಟಾಲರೆನ್ಸ್ ಒಳಗೆ ಎಷ್ಟು ಭದ್ರವಾಗಿ ನಿಲ್ಲುತ್ತೆ ಅನ್ನೋ ಅಂಕಿ) 1.33 ಅಂತ ಗಿರಾಕಿ ಯಾಕೆ ಕೇಳ್ತಾನೆ, ಫಿಕ್ಸ್ಚರಲ್ಲಿ ತಳಕ್ಕೆ ಮೂರು, ಪಕ್ಕಕ್ಕೆ ಎರಡು, ಕೊನೆಗೆ ಒಂದು ಪಿನ್ ಯಾಕೆ ಸಾಕು ಅಂತ ಕೇಳ್ತೀನಿ. ಎರಡು ವರ್ಷ ಲೈನಲ್ಲಿ ನಿಂತು ಆಮೇಲೆ ಡಿಪ್ಲೊಮಾ ಮಾಡಿದೋರು ಇದಕ್ಕೆ ಹೇಳೋ ಉತ್ತರವೇ ಬೇರೆ. ನಿನ್ನ ಕೆಲಸದ ಅನುಭವ ಎಲ್ಲೂ ಹೋಗಲ್ಲಮ್ಮ.

ಡಿಪ್ಲೊಮಾ ಆದ್ಮೇಲೆ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷ ಸ್ಟೈಪೆಂಡ್ ಮೇಲೆ ದೊಡ್ಡ ಕಂಪನೀಲಿ ಕಲಿಯಬಹುದು. ಬಿಇ ಮಾಡೋ ಆಸೆ ಇದ್ರೆ ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸೋ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ನೇರ ಎರಡನೇ ವರ್ಷಕ್ಕೆ ಸೇರಬಹುದು. ತಮ್ಮ ಎಸ್ಸೆಸ್ಸೆಲ್ಸಿ ಅಂದೆಯಲ್ಲ, ಅವನಿಗೆ ಕೈಕೆಲಸದಲ್ಲಿ ಆಸಕ್ತಿ ಇದ್ರೆ ಜಿಟಿಟಿಸಿ ತೋರಿಸು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್ ಅದು. ಈಗ ರಾಜ್ಯದ ಬೇರೆ ಬೇರೆ ಕಡೆ ಕೇಂದ್ರಗಳಿವೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ನಾಲ್ಕು ವರ್ಷ, ಕೊನೇ ವರ್ಷ ಪೂರ್ತಿ ಕಾರ್ಖಾನೇಲಿ.

ಗುಬ್ಬಿ_ಮೆಷಿನಿಸ್ಟ್:

ಸರ್, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಒಹಾಯೊ ಅಣ್ಣಂಗೂ ಥ್ಯಾಂಕ್ಸ್, ನೀವು ಬರೆದಿದ್ದನ್ನ ಅಪ್ಪಂಗೆ ಓದಿ ಹೇಳಿದೆ. ಸಾಲದ ಮಾತು ನಿಂತಿದೆ.

ಅಮ್ಮಂದೇ ಈಗ ಉಳಿದಿರೋದು. "ಓದಿದ್ಮೇಲೂ ಫ್ಯಾಕ್ಟರಿಗೇ ಹೋಗ್ತೀಯ, ರಾತ್ರಿ ಪಾಳಿ ಮಾಡ್ತೀಯ, ಯಾರು ಒಪ್ತಾರೆ" ಅಂತಾರೆ. ಪ್ರೊಡಕ್ಷನ್‌ನಲ್ಲಿರೋ ಅಕ್ಕಂದಿರು ಯಾರಾದ್ರೂ ಇದ್ರೆ ಹೇಳ್ತೀರಾ? ಮತ್ತೆ ಸರ್, ಲ್ಯಾಟರಲ್‌ಗೆ ಏನೇನು ಕಾಗದ ಬೇಕು?

ನರಸಾಪುರ_ಲೈನ್:

ಬಂಗಾರಿ, ನಾನು ಮುಳಬಾಗಿಲು ಕಡೆಯವಳು. ಕೋಲಾರದ ನರಸಾಪುರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ರೊಡಕ್ಷನ್ ಇಂಜಿನಿಯರ್ ಆಗಿದೀನಿ. ಓದಿದ್ದು ಡಿಪ್ಲೊಮಾ. ಇಲ್ಲಿ ಮೊಬೈಲ್ ಫ್ಯಾಕ್ಟರಿ ಬಂದ್ಮೇಲೆ ಬೆಳಿಗ್ಗೆ ಶಿಫ್ಟ್ ಬದಲಾಗೋ ಹೊತ್ತಲ್ಲಿ ಹೈವೇ ಪಕ್ಕ ನಿಂತು ನೋಡಬೇಕು, ಬಸ್ಸಿಂದ ಬಸ್ಸಿಗೆ ಹೆಣ್ಣುಮಕ್ಕಳೇ. ನಮ್ಮಮ್ಮ ಕೂಡ ನಿಮ್ಮಮ್ಮನ ಹಾಗೇ ಕೇಳಿದ್ರು. ನಾನು ಅವರನ್ನ ಒಂದು ದಿನ ಕಂಪನಿಯ ಫ್ಯಾಮಿಲಿ ಡೇಗೆ ಕರ್ಕೊಂಡು ಹೋದೆ. ನನ್ನ ಲೈನಿನ ಹುಡುಗ ಹುಡುಗೀರೆಲ್ಲ ಬಂದು "ಮೇಡಂ ಅವರ ತಾಯಿ" ಅಂತ ಮಾತಾಡಿಸಿದ್ರು. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ರಾತ್ರಿ ಪಾಳಿ ಬಗ್ಗೆ ಸರಿಯಾಗಿ ತಿಳ್ಕೊಂಡು ಅಮ್ಮಂಗೆ ಹೇಳು. ನಮ್ಮ ರಾಜ್ಯದಲ್ಲಿ 2019ರಿಂದ ಕಾರ್ಖಾನೆಗಳಲ್ಲಿ ಹೆಂಗಸರಿಗೆ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿದಾರೆ. ಆದ್ರೆ ನಿನ್ನ ಒಪ್ಪಿಗೆ ಬೇಕು, ಕರ್ಕೊಂಡು ಹೋಗಿ ಬಿಡೋ ಗಾಡಿ ಕಂಪನಿಯದ್ದೇ ಇರಬೇಕು. ಒಪ್ಪಿಗೆ ಅಂದ್ರೆ ಬರೆದು ಕೊಡೋದು. ಸೇರುವಾಗ ಹತ್ತು ಕಾಗದದ ಮಧ್ಯೆ ಅದನ್ನೂ ಇಟ್ಟು ಸೈನ್ ಹಾಕಿಸ್ಕೊಳ್ಳೋರು ಇದಾರೆ, ಓದಿ ಹಾಕು. ಪ್ರೋಸೆಸ್, ಟೂಲಿಂಗ್ ಕಡೆ ಹೋದ್ರೆ ಜನರಲ್ ಶಿಫ್ಟೇ ಜಾಸ್ತಿ. ಇನ್ನೊಂದು, ಫ್ಲೋರಲ್ಲಿ ಮೊದಮೊದಲು ವಯಸ್ಸಾದ ಆಪರೇಟರುಗಳು ನಿನ್ನ ಮಾತು ಕೇಳಲ್ಲ. ನೀನು ಗ್ಲೌಸ್ ಹಾಕ್ಕೊಂಡು ಮೆಷಿನ್‌ಗೆ ಕೈ ಹಾಕಿದ ದಿನ ಕೇಳ್ತಾರೆ. ನೀನಂತೂ ಲೈನಿಂದಲೇ ಬಂದೋಳು, ನನಗಾದಷ್ಟು ಕಷ್ಟ ನಿನಗಾಗಲ್ಲ.

ಮದುವೆ ವಿಷಯ ನಾನು ಹೇಳೋಕೆ ಬರಲ್ಲ. ನನ್ನ ಮದುವೆ ಡಿಪ್ಲೊಮಾ ಕೊನೇ ಸೆಮಿಸ್ಟರ್ ಪರೀಕ್ಷೆ ಆದ್ಮೇಲೆ ಆಯ್ತು. ಪರೀಕ್ಷೆ ಮುಗಿಯೋ ತನಕ ಯಾರನ್ನೂ ಮನೆಗೆ ಕರೀಬೇಡಿ ಅಂತ ಅಪ್ಪನ ಹತ್ತಿರ ಮಾತು ತಗೊಂಡಿದ್ದೆ. ನಿಮ್ಮಪ್ಪ ನಿನ್ನ ಕಡೆ ಇದಾರೆ, ಅವರಿಂದಲೇ ಹೇಳಿಸು.

ಟೂಲ್‌ರೂಮ್_ಹಿರೇಹಳ್ಳಿ:

ಕಾಗದ: ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಐಟಿಐ ಎರಡೂ ವರ್ಷದ ಮಾರ್ಕ್ಸ್ ಕಾರ್ಡ್, ಎನ್‌ಟಿಸಿ (ಐಟಿಐ ಪಾಸಾದ ಸರ್ಟಿಫಿಕೇಟ್), ಟಿಸಿ, ವ್ಯಾಸಂಗ ಪ್ರಮಾಣಪತ್ರ. ಜಾತಿ–ಆದಾಯ ನಾಡಕಚೇರೀಲಿ ಸಿಗುತ್ತೆ. ಆದಾಯದ್ದಕ್ಕೆ ಅವಧಿ ಇರುತ್ತೆ, ಹಳೇದಾಗಿದ್ರೆ ಈಗಲೇ ಹೊಸದಕ್ಕೆ ಹಾಕು. ಹಳ್ಳಿ ಶಾಲೇಲಿ, ಕನ್ನಡ ಮೀಡಿಯಂನಲ್ಲಿ ಓದಿದ್ರೆ ಆ ಎರಡು ಸರ್ಟಿಫಿಕೇಟನ್ನೂ ಹೆಡ್‌ಮಾಸ್ಟರ್ ಸಹಿ ಹಾಕಿಸಿ, ಬಿಇಒ ಮೇಲು ರುಜು ಮಾಡಿಸಿ ಇಟ್ಕೋ. ಶಾಲೆಗೆ ಬೇಸಿಗೆ ರಜಾ ಬರೋ ಮೊದಲೇ ಹೋಗು, ಆಮೇಲೆ ಹೆಡ್‌ಮಾಸ್ಟರ್ ಸಿಗಲ್ಲ. ಅರ್ಜಿ ಕರೆಯೋದು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯವರು. ಲ್ಯಾಟರಲ್‌ದು ಬೇರೆ ಪ್ರಕಟಣೆ ಬರುತ್ತೆ, ಮೊದಲ ವರ್ಷದ್ದು ನೋಡಿ ಅದೇ ಇರಬೇಕು ಅಂತ ಸುಮ್ಮನಾಗಬೇಡ. ದೂರ ಆಗುತ್ತೆ ಅನ್ಸಿದ್ರೆ ತುಮಕೂರಲ್ಲಿ ಬಿಸಿಎಂ (ಹಿಂದುಳಿದ ವರ್ಗಗಳ ಇಲಾಖೆ) ಹೆಣ್ಣುಮಕ್ಕಳ ಹಾಸ್ಟೆಲ್‌ಗೂ ಅರ್ಜಿ ಹಾಕು.

ಕಂಪನಿ ಬಿಡುವಾಗ ಎಕ್ಸ್‌ಪೀರಿಯನ್ಸ್ ಲೆಟರ್ ಇಸ್ಕೊಂಡೇ ಬಿಡು. ಕಂಟ್ರಾಕ್ಟರ್ ಕೊಡೋದನ್ನೇ ಕೊಡಲಿ, ಅದರಲ್ಲಿ "ಸಿಎನ್‌ಸಿ ಆಪರೇಟರ್" ಅಂತ ಇರಬೇಕು, "ಹೆಲ್ಪರ್" ಅಂತ ಅಲ್ಲ. ಪಿಎಫ್ ದುಡ್ಡು ತೆಗೀಬೇಡ, ಯುಎಎನ್ ಅನ್ನೋ ನಿನ್ನ ಪಿಎಫ್ ನಂಬರ್ ಬರೆದಿಟ್ಕೋ, ಮುಂದಿನ ಕಂಪನೀಲಿ ಅದೇ ನಂಬರ್ ಕೊಡು. ವರ್ಕ್‌ಶಾಪ್ ನೋಡೋಕೆ ಹೋಗೋ ದಿನ ಇಲ್ಲಿ ಬರಿ, ಬಿಡುವಿದ್ರೆ ನಾನೂ ಬರ್ತೀನಿ. ಅಪ್ಪನ್ನೂ ಕರ್ಕೊಂಡು ಬಾ.